ಓವರ್ ಈಗ ಹಾಸಿಗೆಯ ಬಳಿ

ಒಂದು ಪಾಳಿ ಮುಗಿಸಿ ಹೊರಡುವ ನರ್ಸ್ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದಕ್ಕೆ ನಾವು ‘ಓವರ್ ಕೊಡುವುದು’ ಎನ್ನುತ್ತೇವೆ. ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 8ಕ್ಕೆ. ನಾನು ಕೆಲಸ ಮಾಡುವುದು ಮಂಗಳೂರಿನ ಒಂದು ಖಾಸಗಿ ಬೋಧನಾ ಆಸ್ಪತ್ರೆಯಲ್ಲಿ. ಅಲ್ಲಿ ಓವರ್ ನಡೆಯುತ್ತಿದ್ದದ್ದು ನರ್ಸಿಂಗ್ ಸ್ಟೇಷನ್ನಿನ ಮೇಜಿನ ಸುತ್ತ ನಿಂತು. ಒಬ್ಬರು ರಿಪೋರ್ಟ್ ಬುಕ್ ನೋಡಿ ಓದಬೇಕು, ಉಳಿದವರು ಅಂಗೈ ಮೇಲೋ ಔಷಧಿ ಡಬ್ಬಿಯ ರಟ್ಟಿನ ಮೇಲೋ ಗೀಚಿಕೊಳ್ಳಬೇಕು. “12ನೇ ಬೆಡ್, ಡೆಂಗ್ಯೂ, ಪ್ಲೇಟ್‌ಲೆಟ್ ಕಳಿಸಿದ್ದೇವೆ, ಡ್ರಿಪ್ ಹೋಗ್ತಾ ಉಂಟು.” ಅಷ್ಟೇ. ಡ್ರಿಪ್ ನಿಜವಾಗಿ ರಕ್ತನಾಳಕ್ಕೆ ಹೋಗುತ್ತಾ ಉಂಟಾ, ಇಲ್ಲ ಹೊರಗೆ ಸೋರಿ ಕೈ ಬಾತುಕೊಂಡಿದೆಯಾ ಎಂಬುದು ಯಾರಾದರೂ ಬೆಡ್ ಹತ್ತಿರ ಹೋದ ಮೇಲೆಯೇ ಗೊತ್ತಾಗಬೇಕು. ಕೆಲವೊಮ್ಮೆ ಅದಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು.

ಇನ್ನು ಮುಂದೆ ಓವರ್ ರೋಗಿಯ ಹಾಸಿಗೆಯ ಬಳಿಯೇ ಆಗಬೇಕು, ಐಎಸ್‌ಬಿಎಆರ್ ನಮೂನೆಯಲ್ಲಿಯೇ ಆಗಬೇಕು ಎಂದು ಆಡಳಿತ ತೀರ್ಮಾನಿಸಿತು. ನಾನು ಆಗ ಡೆಪ್ಯುಟಿ ನರ್ಸಿಂಗ್ ಸೂಪರಿಂಟೆಂಡೆಂಟ್. ಮೆಡಿಸಿನ್ ವಾರ್ಡುಗಳ ಹೊಣೆ ನನ್ನ ತಲೆಗೆ ಬಂತು. ತೀರ್ಮಾನ ಸರಿಯಾದದ್ದೇ, ಆ ಬಗ್ಗೆ ನನಗೆ ತಕರಾರಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗೆಂದು ಒಂಬತ್ತು ಉಪಾಯಗಳನ್ನು ಹೊರತಂದಾಗ ಅದರಲ್ಲಿ ಒಂದು ಈ ಹಸ್ತಾಂತರದ ಕುರಿತಾದದ್ದೇ ಆಗಿತ್ತು. ಐಎಸ್‌ಬಿಎಆರ್ ಅಂದರೆ ಐದು ವಿಷಯ ಒಂದೇ ಕ್ರಮದಲ್ಲಿ: ಯಾರು, ಈಗ ಹೇಗಿದ್ದಾರೆ, ಹಿಂದಿನ ಕಥೆ ಏನು, ನಮ್ಮ ಅಂದಾಜು ಏನು, ಮುಂದೆ ಏನಾಗಬೇಕು. ಇದರ ಮೂಲ ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿದೆ. ಅಲ್ಲಿಂದ ಕೊಲರಾಡೋದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯವರು ಅದನ್ನು ಆಸ್ಪತ್ರೆಗೆ ತಂದರು. ಸಮುದ್ರದ ತಳದಲ್ಲಿ ಹುಟ್ಟಿದ ಪದ್ಧತಿ ನಮ್ಮ ಮಹಿಳಾ ಮೆಡಿಸಿನ್ ವಾರ್ಡಿಗೆ ಬರುವಾಗ ದಾರಿ ಉದ್ದವೇ ಆಯಿತು.

ಕ್ವಾಲಿಟಿ ವಿಭಾಗದವರು ಮೊದಲು ಮಾಡಿದ್ದು ಒಂದು ಸುತ್ತೋಲೆ, ಅದರ ಹಿಂದೆಯೇ ಆಡಿಟೋರಿಯಂನಲ್ಲಿ ಒಂದು ಪವರ್‌ಪಾಯಿಂಟ್. ರಾತ್ರಿ ಪಾಳಿ ಮುಗಿಸಿ ಬಂದವರು ಹಿಂದಿನ ಸಾಲಿನಲ್ಲಿ ನಿದ್ದೆಗೆ ಜಾರಿದರು. ಅವರನ್ನು ದೂರುವಂತಿಲ್ಲ, ಹನ್ನೆರಡು ಗಂಟೆ ನಿಂತವರು. ಹಾಜರಿ ಪುಸ್ತಕದಲ್ಲಿ ಸಹಿ ಬಿತ್ತು, ತರಬೇತಿ ಆಯಿತು ಅಂತ ವರದಿ ಹೋಯಿತು. ವಾರ್ಡಿನಲ್ಲಿ ಓವರ್ ಮಾತ್ರ ಮೇಜಿನ ಸುತ್ತಲೇ ಮುಂದುವರಿಯಿತು.

ಎಂಎಸ್ಸಿ ನರ್ಸಿಂಗ್ ಓದುವಾಗ ಮ್ಯಾನೇಜ್‌ಮೆಂಟ್ ಪತ್ರಿಕೆಗೆಂದು ಎಲ್ಲರೂ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್‌ನ ಮೂರು ಹಂತ ಬಾಯಿಪಾಠ ಮಾಡುತ್ತೇವೆ: ಕರಗಿಸು, ಬದಲಿಸು, ಮತ್ತೆ ಹೆಪ್ಪುಗಟ್ಟಿಸು. ನನಗೆ ಅದಕ್ಕಿಂತ ನೆನಪಿನಲ್ಲಿ ಉಳಿದದ್ದು ಅವನ ಅಡುಗೆಮನೆಯ ಪ್ರಯೋಗ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಒಳ್ಳೆಯ ಮಾಂಸಕ್ಕೆ ಕೊರತೆ. ಹೃದಯ, ಮೂತ್ರಪಿಂಡದಂಥ ಭಾಗಗಳನ್ನು ಗೃಹಿಣಿಯರು ಅಡುಗೆಗೆ ಬಳಸುವಂತೆ ಮಾಡಬೇಕಿತ್ತು. ಕೆಲವು ಗುಂಪುಗಳಿಗೆ ಉಪನ್ಯಾಸ ಕೊಡಿಸಿದ, ಇನ್ನು ಕೆಲವು ಗುಂಪುಗಳಲ್ಲಿ ಹೆಂಗಸರೇ ಕೂತು ಚರ್ಚಿಸಿ ನಿರ್ಧರಿಸುವಂತೆ ಮಾಡಿದ. ಆಮೇಲೆ ವಿಚಾರಿಸಿದರೆ ಉಪನ್ಯಾಸ ಕೇಳಿದವರಲ್ಲಿ ಬೇಯಿಸಿ ಬಡಿಸಿದ್ದು ಶೇ 3 ಮಂದಿ, ಚರ್ಚೆ ಮಾಡಿದವರಲ್ಲಿ ಶೇ 32 ಮಂದಿ. ಆಡಿಟೋರಿಯಂನ ಹಿಂದಿನ ಸಾಲು ನೋಡುತ್ತಾ ನಾನು ಆ ಶೇ 3ನ್ನೇ ನೆನೆಯುತ್ತಿದ್ದೆ.

ಹಾಗಾಗಿ ಒಂದೇ ವಾರ್ಡ್ ಹಿಡಿದೆ. ಮಹಿಳಾ ಮೆಡಿಸಿನ್, 30 ಬೆಡ್. ಮಧ್ಯಾಹ್ನದ ಚಹಾದ ಹೊತ್ತಿಗೆ ಪ್ಯಾಂಟ್ರಿಗೆ ಹೋಗಿ ಕೂತೆ. “ಮಾಡ್ತೀರಾ, ಇಲ್ವಾ” ಅಂತ ಕೇಳಲಿಲ್ಲ, “ಮಾಡಿದ್ರೆ ಎಲ್ಲಿ ಕಷ್ಟ ಆಗ್ತದೆ” ಅಂತ ಕೇಳಿದೆ. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಸೂಪರಿಂಟೆಂಡೆಂಟ್ ಆಫೀಸಿನವರು ಬಂದು ಕೂತರೆ ಚಹಾ ಬೇಗ ಮುಗಿಯುತ್ತದೆ. ಕೊನೆಗೆ ಬಾಯಿ ಬಿಟ್ಟದ್ದು ಮಂಜೇಶ್ವರದಿಂದ ದಿನಾ ಬಂದು ಹೋಗುವ ಒಬ್ಬಳು.

“ಮೇಡಂ, 30 ಬೆಡ್ಡಿಗೂ ಒಂದೊಂದಾಗಿ ಹೋಗಿ ನಿಂತ್ರೆ ಮುಕ್ಕಾಲು ಗಂಟೆ ಬೇಕು. ಎಂಟಕ್ಕೆ ಡ್ಯೂಟಿ ಮುಗೀತದೆ. ಮುಕ್ಕಾಲು ಗಂಟೆ ನಿಂತು ನಾನು ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗುವಾಗ ತಲಪಾಡಿ ಬಸ್ ಇರ್ಲಿಕ್ಕಿಲ್ಲ. ಅಲ್ಲಿಂದ ಮುಂದೆ ನಮ್ಮ ಮನೆಗೆ ಹೋಗ್ಲಿಕ್ಕೆ ರಿಕ್ಷಾದವ ಕೇಳುವ ದುಡ್ಡು ನನ್ನ ಅರ್ಧ ದಿನದ ಸಂಬಳ.”

ನರ್ಸ್‌ಗಳಿಗೆ ಬದಲಾವಣೆ ಬೇಡ, ಹಳೆಯದಕ್ಕೇ ಅಂಟಿಕೊಳ್ಳುತ್ತಾರೆ ಎಂದು ಮೀಟಿಂಗುಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಆ ಮಾತು ಆಡುವವರಲ್ಲಿ ರಾತ್ರಿ ಎಂಟೂವರೆಗೆ ಬಸ್ಸಿಗೆ ಕಾದವರು ಕಡಿಮೆ. ಆ ಹುಡುಗಿಗೆ ಬೇಡವಾಗಿದ್ದದ್ದು ಸಂಬಳವಿಲ್ಲದ ಮುಕ್ಕಾಲು ಗಂಟೆ. ಅದು ನನಗೂ ಬೇಡ. ನರ್ಸಿಂಗ್ ಆಡಳಿತದಲ್ಲಿರುವವರ ಕೈಯಲ್ಲಿ ನಿಜವಾಗಿ ಇರುವ ಅಧಿಕಾರ ಎರಡೇ: ಡ್ಯೂಟಿ ಲಿಸ್ಟ್ ಮತ್ತು ರಿಜಿಸ್ಟರುಗಳು. ಆ ಎರಡನ್ನು ಮುಟ್ಟದೆ ಏನು ಹೇಳಿದರೂ ಅದು ಸುತ್ತೋಲೆಯಾಗಿಯೇ ಉಳಿಯುತ್ತದೆ ಎಂದು ನನಗೆ ಖಾತ್ರಿಯಾದದ್ದು ಆ ಪ್ಯಾಂಟ್ರಿಯಲ್ಲಿ.

ಮೊದಲು ಡ್ಯೂಟಿ ಲಿಸ್ಟ್. ಹಳೆಯ ಓವರಿನಲ್ಲಿ ಎಲ್ಲರೂ ಎಲ್ಲ 30 ರೋಗಿಗಳ ಕಥೆ ಕೇಳುತ್ತಿದ್ದರು. ಅದರ ಬದಲು ಪಾಳಿಯ ಆರಂಭದಲ್ಲೇ ಬೆಡ್ ಹಂಚಿ, ಆರು ಬೆಡ್ ನೋಡಿಕೊಂಡವಳು ಆರು ಬೆಡ್ ನೋಡಿಕೊಳ್ಳುವವಳಿಗೆ ಮಾತ್ರ ಓವರ್ ಕೊಡುವುದು ಅಂತಾಯಿತು. ಬೋಧನಾ ಆಸ್ಪತ್ರೆಯ ವಾರ್ಡಿಗೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುವುದು ಮೂರು ರೋಗಿಗಳಿಗೆ ಒಬ್ಬ ನರ್ಸ್. ನಮ್ಮಲ್ಲಿ ಆರಕ್ಕೆ ಒಬ್ಬರು ಸಿಕ್ಕಿದರೆ ಅದು ಒಳ್ಳೆಯ ದಿನ. ಆ ಜಗಳ ಬೇರೆ, ಇಲ್ಲಿ ಬೇಡ. ಒಬ್ಬ ರೋಗಿಗೆ ಎರಡು ನಿಮಿಷ ಹಿಡಿದರೆ ಆರು ಮಂದಿಗೆ ಹನ್ನೆರಡು ನಿಮಿಷ. ಅದಕ್ಕೆ ಮೊದಲು ಇನ್‌ಚಾರ್ಜ್ ಸಿಸ್ಟರ್ ಸ್ಟೇಷನ್ನಿನಲ್ಲಿ ನಿಂತು ಇಡೀ ವಾರ್ಡಿನ ತೀರಾ ಸೀರಿಯಸ್ ರೋಗಿಗಳ ಬಗ್ಗೆ ಎಲ್ಲರಿಗೂ ಎರಡು ಮಾತು ಹೇಳುತ್ತಾರೆ. ಒಟ್ಟು ಕಾಲು ಗಂಟೆ.

ಆ ಕಾಲು ಗಂಟೆ ಡ್ಯೂಟಿಯೊಳಗೇ ಲೆಕ್ಕವಾಗಬೇಕು ಎಂದು ನಾನು ಪಟ್ಟು ಹಿಡಿದೆ. ಎಚ್‌ಆರ್‌ನವರು, “ಕಾಲು ಗಂಟೆ ಅಲ್ವಾ ಮೇಡಂ, ಅಡ್ಜಸ್ಟ್ ಮಾಡ್ಲಿಕ್ಕೆ ಆಗುದಿಲ್ವಾ?” ಎಂದರು. ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದೆ: ತಿಂಗಳಿಗೆ 24 ಡ್ಯೂಟಿ, ದಿನಕ್ಕೆ 15 ನಿಮಿಷ, ಒಟ್ಟು ಆರು ಗಂಟೆ. ನಮ್ಮಲ್ಲಿ ಒಂದು ಬೆಳಗಿನ ಪಾಳಿ ಅಂದರೆ ಸರಿಯಾಗಿ ಆರು ಗಂಟೆ. ಅಂದರೆ ಪ್ರತಿ ನರ್ಸಿನಿಂದ ತಿಂಗಳಿಗೊಂದು ಇಡೀ ಪಾಳಿ ಪುಕ್ಕಟೆ. ಆ ಆರು ಗಂಟೆಯನ್ನು ತಿಂಗಳಿಗೊಂದು ಆಫ್ ಆಗಿ ಹಿಂದಕ್ಕೆ ಕೊಡಿ ಎಂದೆ. ತುಂಬಾ ಎಳೆದಾಡಿದ ಮೇಲೆ ‘ಪ್ರಾಯೋಗಿಕವಾಗಿ’ ಅಂತ ಒಪ್ಪಿಗೆ ಸಿಕ್ಕಿತು. ಸಂಜೆ ಪಾಳಿಯಲ್ಲಿ ದೂರದಿಂದ ಬರುವವರಿಗೆ ಮೊದಲು ಓವರ್ ಕೊಟ್ಟು ಹೊರಡುವ ಅವಕಾಶ. ಹಾಸ್ಟೆಲಿನಲ್ಲಿರುವವರು ಕೊನೆಗೆ. ಇದನ್ನು ಮಾಡಿಕೊಂಡದ್ದು ನಾನಲ್ಲ, ಅವರವರೇ.

ಎರಡನೆಯದು ರಿಪೋರ್ಟ್ ಬುಕ್. ಐಎಸ್‌ಬಿಎಆರ್ ಶೀಟೂ ಬರೆಯಬೇಕು, ಕೇಸ್ ಶೀಟಿನಲ್ಲಿ ನರ್ಸಸ್ ನೋಟ್ಸೂ ಬರೆಯಬೇಕು, ಜೊತೆಗೆ ರಿಪೋರ್ಟ್ ಬುಕ್ಕೂ ತುಂಬಬೇಕು ಎಂದರೆ ರೋಗಿಯನ್ನು ನೋಡುವುದು ಯಾವಾಗ? ನಾನು ಬುಕ್ ನಿಲ್ಲಿಸೋಣ ಎಂದಾಗ ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೆಂಡವಾದರು. ನನಗಿಂತ ಹಿರಿಯರು, ನಿವೃತ್ತಿಗೆ ಹತ್ತಿರವಿದ್ದವರು. ನಾನು ಹೊಸದಾಗಿ ಸೇರಿದಾಗ ಕ್ಯಾತಿಟರ್ ಹಾಕಲು ಕಲಿಸಿದವರು. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ವರ್ಷಗಟ್ಟಲೆ ಆ ಬುಕ್ ಬರೆದವರು.

“ನಾಳೆ ಕೋರ್ಟಿನಿಂದ ಸಮನ್ಸ್ ಬಂದ್ರೆ ಎಂತ ತೋರಿಸ್ತೀರಿ ನೀವು? ಈ ಶೀಟಾ?”

“ಸಿಸ್ಟರ್, ಕೋರ್ಟಿಗೆ ಹೋಗುವುದು ಕೇಸ್ ಶೀಟ್ ಅಲ್ವಾ?”

“ಅದು ನಿಮಗೆ ಗೊತ್ತುಂಟು. ಬರೆದು ಕೊಡ್ಲಿಕ್ಕೆ ಆಡಳಿತಕ್ಕೆ ಧೈರ್ಯ ಉಂಟಾ?”

ಅವರ ಪ್ರಶ್ನೆ ಸರಿಯಿತ್ತು. ಬಾಯಿಮಾತಿನ ಭರವಸೆ ನಂಬಿ ಪುಸ್ತಕ ಮುಚ್ಚಿದ ನರ್ಸನ್ನು ಆಮೇಲೆ ಯಾರೂ ಕಾಯುವುದಿಲ್ಲ. ಮೆಡಿಕಲ್ ರೆಕಾರ್ಡ್ಸ್ ವಿಭಾಗ, ಕಾನೂನು ಸಲಹೆಗಾರರು ಇಬ್ಬರಿಂದಲೂ ಬರೆಸಿಕೊಂಡೆ: ರೋಗಿಯ ಕುರಿತ ಅಧಿಕೃತ ದಾಖಲೆ ಕೇಸ್ ಶೀಟಿನಲ್ಲಿರುವ ನರ್ಸಸ್ ನೋಟ್ಸ್, ರಿಪೋರ್ಟ್ ಬುಕ್ಕಿನಲ್ಲಿ ಇನ್ನು ಮುಂದೆ ರೋಗಿಗಳ ಸಂಖ್ಯೆ, ಅಡ್ಮಿಷನ್, ಡಿಸ್ಚಾರ್ಜ್, ಮರಣ ಇಷ್ಟೇ ಸಾಕು. ಆ ಕಾಗದದ ಪ್ರತಿಯನ್ನು ಸಿಸ್ಟರ್ ತಮ್ಮ ಕಪಾಟಿನ ಬಾಗಿಲ ಒಳಭಾಗಕ್ಕೆ ಅಂಟಿಸಿದರು. ಆಮೇಲೆ ಹಾಸಿಗೆಯ ಬಳಿ ಏನು ನೋಡಬೇಕು ಎಂಬುದನ್ನು ಹುಡುಗಿಯರಿಗೆ ಕಲಿಸುವ ಕೆಲಸ ಅವರದ್ದೇ ಆಯಿತು. ಡ್ರಿಪ್ಪಿಗೆಂದು ರಕ್ತನಾಳಕ್ಕೆ ಕ್ಯಾನುಲಾ ಹಾಕಿದ ತಾರೀಕು, ಪಂಪಿನಲ್ಲಿ ಗಂಟೆಗೆಷ್ಟು, ಮೂತ್ರದ ಚೀಲದ ಬಣ್ಣ, ಮಲಗಿದವರನ್ನು ಮಗ್ಗುಲು ತಿರುಗಿಸಿ ಬೆನ್ನು ನೋಡುವುದು, ಹಿಮ್ಮಡಿ ಮುಟ್ಟಿ ನೋಡುವುದು. ಶೀಟಿನಲ್ಲಿ ಹಿಮ್ಮಡಿಗೆ ಜಾಗವೇ ಇರಲಿಲ್ಲ, ಅವರು ಹಠ ಮಾಡಿ ಸೇರಿಸಿದರು.

ನಾನು ಊಹಿಸದಷ್ಟು ಚರ್ಚೆಯಾದದ್ದು ಗುಟ್ಟಿನ ವಿಷಯದಲ್ಲಿ. ಸ್ಟೇಷನ್ನಿನಲ್ಲಿ ಎಲ್ಲವನ್ನೂ ಬಾಯ್ಬಿಟ್ಟು ಹೇಳಬಹುದಿತ್ತು. ಹಾಸಿಗೆಯ ಬಳಿ ರೋಗಿ ಇರುತ್ತಾರೆ, ಪಕ್ಕದ ಬೆಡ್ಡಿನವರು ಇರುತ್ತಾರೆ, ಜೊತೆಗೆ ನಿಂತವರು ಇರುತ್ತಾರೆ. ನಮ್ಮ ಜನರಲ್ ವಾರ್ಡಿನ ಎರಡು ಮಂಚಗಳ ನಡುವೆ ಒಂದು ಸ್ಟೂಲಿನಷ್ಟು ಜಾಗ. ಕ್ಯಾನ್ಸರ್ ಎಂದು ಮಗನಿಗೆ ಗೊತ್ತು, ಅಮ್ಮನಿಗೆ ಗೊತ್ತಿಲ್ಲ, ಹೇಳಬೇಡಿ ಎಂದು ಡಾಕ್ಟರರಲ್ಲಿ ಕೈ ಮುಗಿದಿದ್ದಾನೆ. ವಿಷ ಕುಡಿದು ಬಂದವಳ ಅತ್ತೆ ಕಾಲ ಬಳಿ ಕೂತಿದ್ದಾರೆ. ಎಚ್‌ಐವಿ ವಿಷಯವನ್ನಂತೂ ರೋಗಿಯ ಒಪ್ಪಿಗೆಯಿಲ್ಲದೆ ಹೀಗೆ ಹತ್ತು ಜನರ ಕಿವಿಗೆ ಬೀಳಿಸುವಂತಿಲ್ಲ, 2017ರ ಕಾಯ್ದೆಯೇ ಉಂಟು. ಯುರೋಪಿನ ಒಂಟಿ ಕೋಣೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ಮಾರ್ಗಸೂಚಿಗಳಲ್ಲಿ ಈ ಸ್ಟೂಲಿನ ಪ್ರಸ್ತಾಪ ಇರುವುದಿಲ್ಲ.

ವಾರ್ಡಿನವರೇ ಕೂತು ಗೆರೆ ಎಳೆದರು. ರೋಗದ ಹೆಸರು, ಸೂಕ್ಷ್ಮವಾದ ಹಿನ್ನೆಲೆ, ಮನೆಯವರ ಕೋರಿಕೆ ಇವೆಲ್ಲ ಸ್ಟೇಷನ್ನಿನಲ್ಲಿ, ಶೀಟು ತೋರಿಸಿ, ಮೆಲುದನಿಯಲ್ಲಿ. ಹಾಸಿಗೆಯ ಬಳಿ ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು, ಈ ಪಾಳಿಯಲ್ಲಿ ಆಗಿರುವುದು, ಆಗಬೇಕಾದದ್ದು ಮಾತ್ರ. ಓದುವ ಮೊದಲು ಜೊತೆಯವರನ್ನು ಒಂದು ಕ್ಷಣ ಆಚೆ ನಿಲ್ಲುವಂತೆ ಕೇಳುವುದು. ರೋಗಿ “ಇರಲಿ” ಎಂದರೆ ಇರಲಿ.

ಭಾಷೆಯ ಪ್ರಶ್ನೆಯೂ ಅದರ ಜೊತೆಗೇ ಎದ್ದಿತು. ನಮ್ಮ ನರ್ಸ್‌ಗಳಲ್ಲಿ ಹೆಚ್ಚಿನವರು ಕಾಸರಗೋಡು, ಕಣ್ಣೂರಿನ ಕಡೆಯವರು, ಅವರವರಲ್ಲಿ ಮಲಯಾಳ. ರೋಗಿಗಳಲ್ಲಿ ತುಳು, ಬ್ಯಾರಿ, ಕೊಂಕಣಿ. ಚಿಕ್ಕಮಗಳೂರು, ಶಿವಮೊಗ್ಗ ಕಡೆಯಿಂದ ಬಂದವರಿಗೆ ಕನ್ನಡ. ತಲೆಯ ಮೇಲೆ ಇಬ್ಬರು ನಿಂತು ಅರ್ಥವಾಗದ ಭಾಷೆಯಲ್ಲಿ ತನ್ನ ಬಗ್ಗೆಯೇ ಮಾತಾಡಿದರೆ ಯಾವ ರೋಗಿಗೂ ಹೆದರಿಕೆಯಾಗುತ್ತದೆ. ಔಷಧಿ, ಡೋಸು, ಲೆಕ್ಕ ಇಂಗ್ಲಿಷಿನಲ್ಲೇ ಹೇಳಲಿ ಎಂದೆವು. ಆದರೆ ಶುರು ಮಾಡುವಾಗ ತುಳುವಿನಲ್ಲಿ “ಎಂಚ ಉಲ್ಲರ್ ಅಮ್ಮ” (ಹೇಗಿದ್ದೀರಿ ಅಮ್ಮ) ಅಂತಲೋ, ಅವರವರ ಭಾಷೆಯಲ್ಲೋ ಒಂದು ಮಾತು. ಮುಗಿಸುವಾಗ ರೋಗಿಗೆ ತಿಳಿಯುವ ಭಾಷೆಯಲ್ಲಿ ಒಂದು ಪ್ರಶ್ನೆ: ನಾವು ಹೇಳಿದ್ದರಲ್ಲಿ ಏನಾದರೂ ಬಿಟ್ಟು ಹೋಯಿತಾ?

ಆ ಪ್ರಶ್ನೆಯೇ ವಾರ್ಡನ್ನು ಒಲಿಸಿತು. ಪುತ್ತೂರು ಕಡೆಯ ಒಬ್ಬರು ಅಜ್ಜಿ, ಸಕ್ಕರೆ ಕಾಯಿಲೆಯವರು. ಬೆಳಗಿನ ಓವರ್ ಮುಗಿಸಿ ಹುಡುಗಿ, ಏನಾದರೂ ಬಿಟ್ಟೆವಾ ಅಜ್ಜಿ ಎಂದು ಕೇಳಿದ್ದಾಳೆ. ಅಜ್ಜಿ ಹೊಟ್ಟೆ ತೋರಿಸಿ, ಸೂಜಿ ಆಗಲೇ ಚುಚ್ಚಿ ಆಯಿತಲ್ಲ, ಮತ್ತೆ ಯಾಕೆ ಇನ್ನೂ ಕೊಡಬೇಕು ಅಂತ ಹೇಳ್ತಿದ್ದೀರಿ ಎಂದರು. ಇನ್ಸುಲಿನ್ ಕೊಟ್ಟಾಗಿತ್ತು. ಅದೇ ಹೊತ್ತಿಗೆ ಪಕ್ಕದ ಬೆಡ್ಡಿನ ರೋಗಿಗೆ ಫಿಟ್ಸ್ ಬಂದು, ಚಾರ್ಟಿನಲ್ಲಿ ಸಹಿ ಹಾಕುವುದು ಉಳಿದುಹೋಗಿತ್ತು. ಅಜ್ಜಿ ಬಾಯಿ ಬಿಡದಿದ್ದರೆ ತಿಂಡಿಯ ಹೊತ್ತಿಗೆ ಎರಡನೇ ಡೋಸ್ ಬೀಳುತ್ತಿತ್ತು. ಆ ದಿನ ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ನಾನು ಏನೂ ಹೇಳಬೇಕಾಗಿ ಬರಲಿಲ್ಲ, ಅಷ್ಟರಲ್ಲಿ ಸುದ್ದಿ ಪುರುಷರ ವಾರ್ಡಿಗೂ ಮುಟ್ಟಿತ್ತು.

ಡಾಕ್ಟರರ ಕಡೆಯದ್ದು ಬೇಗ ಮುಗಿಯಿತು. ಬೆಳಿಗ್ಗೆ ಎಂಟಕ್ಕೇ ಪಿಜಿ ಹುಡುಗರು ಬಂದು “ಸಿಸ್ಟರ್, ಫೈಲ್” ಎಂದು ಓವರಿನ ನಡುವೆ ಕೈ ಚಾಚುತ್ತಿದ್ದರು. ಎಮರ್ಜೆನ್ಸಿ ಬಿಟ್ಟರೆ ಆ ಕಾಲು ಗಂಟೆ ನರ್ಸನ್ನು ಕರೆಯಬೇಡಿ ಎಂದು ಮೆಡಿಸಿನ್ ವಿಭಾಗದ ಮುಖ್ಯಸ್ಥರು ರೌಂಡ್ಸ್‌ನಲ್ಲಿ ಒಂದು ವಾಕ್ಯ ಹೇಳಿದರು. ಮರುದಿನದಿಂದ ಜಾರಿ. ನಾವು ಎಷ್ಟೋ ಮೀಟಿಂಗ್ ಮಾಡಿ ಗಳಿಸುವುದನ್ನು ಅವರು ಒಂದು ವಾಕ್ಯದಲ್ಲಿ ಪಡೆಯುತ್ತಾರೆ. ಅದರಿಂದ ನಮಗೆ ಲಾಭವಾದರೂ ನನಗೆ ಸ್ವಲ್ಪ ಹೊಟ್ಟೆ ಉರಿ ಉಂಟು.

ಆರಂಭಿಸುವ ತಿಂಗಳ ಬಗ್ಗೆಯೂ ಹೇಳಬೇಕು. ಸುತ್ತೋಲೆಯಲ್ಲಿ ಇದ್ದದ್ದು ಜೂನ್ 1. ಮಂಗಳೂರಿನಲ್ಲಿ ಜೂನ್ ಅಂದರೆ ಮಳೆ, ಮಳೆ ಅಂದರೆ ಮೆಡಿಸಿನ್ ವಾರ್ಡಿಗೆ ಮಲೇರಿಯಾ, ಡೆಂಗ್ಯೂ, ಇಲಿಜ್ವರ. ವರಾಂಡದಲ್ಲೂ ಮಂಚ ಬೀಳುವ ಕಾಲ. ಆಗ ಹೊಸದೇನನ್ನೂ ಶುರು ಮಾಡುವುದಿಲ್ಲ ಎಂದು ಹೇಳಿ ನವೆಂಬರಿಗೆ ದೂಡಿಸಿದೆ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನವರ ತಪಾಸಣೆಗೆ ಮೊದಲು ತೋರಿಸಬೇಕಿತ್ತು ಎಂದು ಕ್ವಾಲಿಟಿಯವರಿಗೆ ಬೇಸರವಾಯಿತು. ಮುಂದಿನ ಮಳೆಗಾಲ ಬಂದಾಗ ನಿಜವಾದ ಪರೀಕ್ಷೆ. ಆರು ಬೆಡ್ಡಿನ ಜಾಗದಲ್ಲಿ ಒಬ್ಬೊಬ್ಬರಿಗೆ ಒಂಬತ್ತು. ಓವರ್ ಮೆಲ್ಲ ಮೆಲ್ಲನೆ ಮೇಜಿನ ಕಡೆಗೆ ಜಾರತೊಡಗಿತು. ಗದರಿಸಬಹುದಿತ್ತು, ಬದಲಿಗೆ ಮಳೆಗಾಲಕ್ಕೊಂದು ಕಿರಿದಾದ ಪದ್ಧತಿ ಮಾಡಿದೆವು: ಆಕ್ಸಿಜನ್‌ನಲ್ಲಿರುವವರು, ಡ್ರಿಪ್ ಹೋಗುತ್ತಿರುವವರು, ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂನಂಥ ಅಪಾಯದ ಔಷಧಿ ಇರುವವರು, ಹಿಂದಿನ 24 ಗಂಟೆಯಲ್ಲಿ ಅಡ್ಮಿಟ್ ಆದವರು, ಇಷ್ಟು ಮಂದಿಯದ್ದು ಕಡ್ಡಾಯವಾಗಿ ಹಾಸಿಗೆಯ ಬಳಿ. ನಾಳೆ ಮನೆಗೆ ಹೋಗುವವರದ್ದು ಸ್ಟೇಷನ್ನಿನಲ್ಲಿ ಆದರೂ ಅಡ್ಡಿಯಿಲ್ಲ. ಕ್ವಾಲಿಟಿಯವರ ಚೆಕ್‌ಲಿಸ್ಟ್ ಪ್ರಕಾರ ಇದು ‘ಭಾಗಶಃ ಪಾಲನೆ’. ಆಗಲಿ.

ಆ ಚೆಕ್‌ಲಿಸ್ಟಿನ ಬಗ್ಗೆ ನನಗೆ ದೊಡ್ಡ ಗೌರವ ಇಲ್ಲ. ತಿಂಗಳ ಕೊನೆಯಲ್ಲಿ ಒಂದೇ ಪೆನ್ನಿನಿಂದ ಒಂದೇ ಕೈ ಹಾಕಿದ ಟಿಕ್‌ಗಳು ದೂರದಿಂದಲೇ ತಿಳಿಯುತ್ತವೆ. ನಾನು ಓವರ್ ಆಗಿ ಅರ್ಧ ಗಂಟೆಗೆ ವಾರ್ಡಿಗೆ ಹೋಗಿ ಯಾವುದಾದರೂ ಒಂದು ಬೆಡ್ ತೋರಿಸಿ, “ಇವರ ಕ್ಯಾನುಲಾ ಯಾವತ್ತು ಹಾಕಿದ್ದು?” ಎಂದು ಕೇಳುತ್ತೇನೆ. ನೋಡಿದವಳು ಹೇಳುತ್ತಾಳೆ. ನೋಡದವಳು ಫೈಲ್ ಹುಡುಕುತ್ತಾಳೆ.

ಲೆವಿನ್‌ನ ಮೂರನೇ ಹಂತ ಮಾತ್ರ ನಮ್ಮಲ್ಲಿ ಕೆಲಸ ಮಾಡುವುದಿಲ್ಲ. ಮತ್ತೆ ಹೆಪ್ಪುಗಟ್ಟಿಸೋಣ ಎನ್ನುವಷ್ಟರಲ್ಲಿ ಮಂಜುಗಡ್ಡೆಯೇ ವೀಸಾ ಹಿಡಿದು ಹೊರಟಿರುತ್ತದೆ. ಎರಡು ವರ್ಷದ ಅನುಭವವಾಗುತ್ತಲೇ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬರೆದು ಇಂಗ್ಲೆಂಡ್, ಐರ್ಲೆಂಡ್, ಜರ್ಮನ್ ಕಲಿತು ಜರ್ಮನಿ, ಇಲ್ಲವೇ ಗಲ್ಫ್. ಮಂಜೇಶ್ವರದ ಆ ಹುಡುಗಿಯೂ ಹೋದಳು. ಹೋಗಬಾರದು ಎನ್ನಲು ನನಗೆ ಬಾಯಿಲ್ಲ, ಅಲ್ಲಿಯ ಸಂಬಳ ನನಗೂ ಗೊತ್ತು. ಹಾಗಾಗಿ ಕಲಿಸುವುದನ್ನು ಇನ್ನೂ ಹಿಂದಕ್ಕೆ ಒಯ್ದೆವು. ನಮ್ಮ ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಬಿಎಸ್ಸಿ ವಿದ್ಯಾರ್ಥಿಗಳು ವಾರ್ಡಿನಲ್ಲಿ ಇರುವಾಗಲೇ ಸ್ಟಾಫ್ ನರ್ಸಿನ ಎದುರು ಓವರ್ ಕೊಟ್ಟು ಅಭ್ಯಾಸ ಮಾಡುತ್ತಾರೆ. ಹೊಸದಾಗಿ ಸೇರಿದವರಿಗೆ ಹೇಳಿಕೊಡುವುದು ನಾನಲ್ಲ, ಅವರಿಗಿಂತ ಆರು ತಿಂಗಳು ಮೊದಲು ಸೇರಿದವಳು. ಅವಳಿಗೆ ಯಾವುದು ತಿಳಿಯದು ಎಂಬುದು ಇನ್ನೂ ನೆನಪಿರುತ್ತದೆ.

ಪುರುಷರ ಮೆಡಿಸಿನ್ ವಾರ್ಡಿಗೆ ಇದು ಸಲೀಸಾಗಿ ಹೋಯಿತು. ಐಸಿಯುನಲ್ಲಿ ಮೊದಲೇ ಹಾಗೆಯೇ ಇತ್ತು, ಅವರಿಗೆ ನಾವು ಹೇಳಿಕೊಡುವಂಥದ್ದು ಇರಲಿಲ್ಲ. ಸರ್ಜರಿ ವಾರ್ಡಿನಲ್ಲಿ ಇನ್ನೂ ಕುಂಟುತ್ತಿದೆ. ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಥಿಯೇಟರಿನಿಂದ ಮೊದಲ ಕೇಸ್ ಕಳಿಸಿ ಎಂದು ಫೋನ್ ಬರುತ್ತದೆ, ಅದೇ ಹೊತ್ತಿಗೆ ಓವರ್. ಥಿಯೇಟರಿನ ಸಮಯ ನನ್ನ ಕೈಯಲ್ಲಿಲ್ಲ. ಅಲ್ಲಿಯ ಇನ್‌ಚಾರ್ಜ್ ಓವರನ್ನು ಏಳೂವರೆಗೆ ಹಿಂದಕ್ಕೆ ತರಬಹುದಾ ಎಂದು ತನ್ನವರನ್ನು ಕೇಳುತ್ತಿದ್ದಾಳೆ.

ಈಗ ಐಎಸ್‌ಬಿಎಆರ್ ಶೀಟಿನ ಬದಲಿಗೆ ಟ್ಯಾಬ್ ತರುತ್ತೇವೆ ಎಂದು ಆಡಳಿತ ಹೇಳಿದೆ. ನಾನು ಬರೆದು ಕೊಟ್ಟ ಉತ್ತರದಲ್ಲಿ ನಾಲ್ಕು ಸಾಲು ಇತ್ತು: ಟ್ಯಾಬ್ ಬಂದ ದಿನ ಯಾವ ರಿಜಿಸ್ಟರ್ ನಿಲ್ಲುತ್ತದೆ, ಕಲಿಯುವ ಸಮಯ ಡ್ಯೂಟಿಯಲ್ಲಿ ಸೇರುತ್ತದಾ, ಎರಡು ಮಂಚಗಳ ನಡುವೆ ಚಾರ್ಜಿಂಗ್ ಪಾಯಿಂಟ್ ಎಲ್ಲಿ, ಮತ್ತು ಜೂನ್ ಬೇಡ. ಕೊನೆಯದಕ್ಕೆ ಒಪ್ಪಿದ್ದಾರೆ. ಚಾರ್ಜಿಂಗ್ ಪಾಯಿಂಟಿಗೆಂದು ಎಲೆಕ್ಟ್ರಿಕಲ್‌ನವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಮೊದಲಿನೆರಡಕ್ಕೆ ಎಚ್‌ಆರ್‌ನವರು ಬರುವ ವಾರ ಮೀಟಿಂಗ್ ಕರೆದಿದ್ದಾರೆ. ಹಿಂದಿನ ಆರು ಗಂಟೆಯ ಲೆಕ್ಕದ ಕಾಗದ ನನ್ನ ಡ್ರಾಯರಿನಲ್ಲೇ ಉಂಟು, ಅದನ್ನೂ ಹಿಡಿದುಕೊಂಡು ಹೋಗುತ್ತೇನೆ.